ತಬೇಲೆಯ ಎಮ್ಮೆಯೂ ಮದ್ದಿಗೆ ಬಗ್ಗದ ರೋಗಾಣುವೂ

ಹಾಲನ್ನು ತ್ಯಜಿಸುವ ವ್ರತವನ್ನು ಗಾಂಧೀಜಿಯವರು ದಕ್ಷಿಣ ಆಫ್ರಿಕದಲ್ಲಿದ್ದಾಗಲೇ ತೊಟ್ಟಿದ್ದರು. ಅದಕ್ಕಿದ್ದ ಕಾರಣಗಳಲ್ಲಿ ಒಂದು, ಕಲ್ಕತ್ತೆಯ ಗೌಳಿಗರು ಹಸು ಎಮ್ಮೆಗಳ ಮೇಲೆ ನಡೆಸುತ್ತಿದ್ದ ‘ಫೂಕಾ’ ಎಂಬ ಕ್ರೂರ ಪದ್ಧತಿ. ಹಾಲು ಏರಿಸಿಕೊಳ್ಳುವ ಪಶುವಿನ ಯೋನಿಮಾರ್ಗದಲ್ಲಿ ಕೊಳವೆಯಿಟ್ಟು ಗಾಳಿ ಊದಿ, ಬಲವಂತದಿಂದ ತೊರೆ ಬಿಡಿಸಿ, ಕೊನೆಯ ಹನಿಯವರೆಗೂ ಹಿಂಡಿಕೊಳ್ಳುವ ಉಪಾಯವದು. 1919ರಲ್ಲಿ ಮುಂಬಯಿಯ ಡಾ. ದಲಾಲರು, ಹಾಲಿಲ್ಲದೆ ಕೃಶವಾದ ದೇಹ ಚೇತರಿಸದೆಂದು ಹಟ ಹಿಡಿದಾಗ, ಆಡಿನ ಹಾಲಿಗೇನು ಅಡ್ಡಿ ಎಂದು ಕಸ್ತೂರಬಾ ಕೇಳಿದರು. ಗಾಂಧೀಜಿ ಮಣಿದರು, ವ್ರತದ ಆತ್ಮಕ್ಕೆ ಭಂಗ ಬಂತೆಂದು ಕೊನೆಯವರೆಗೂ ಕೊರಗಿದರು.

ಫೂಕಾ ಪದ್ಧತಿಯನ್ನು 1960ರ ಪ್ರಾಣಿಹಿಂಸಾ ತಡೆ ಕಾಯಿದೆ ಅಪರಾಧವೆಂದು ಸಾರಿತು. ಆ ಕೊಳವೆಯೊಡನೆ ಪಶುವಿನ ಗರ್ಭಮಾರ್ಗಕ್ಕೆ ಕೊಟ್ಟಿಗೆಯ ಕೊಳೆಯೆಲ್ಲ ಸೇರುತ್ತಿತ್ತೆಂಬುದನ್ನು ಮಾತ್ರ ಅಂದು ಯಾರೂ ಅಷ್ಟಾಗಿ ಗಣಿಸಿದಂತಿಲ್ಲ. ಇಂದು ಆ ಕೊಳೆಗಿಂತ ಅದಕ್ಕೆ ಸುರಿಯುವ ಮದ್ದೇ ಹೆಚ್ಚಿನ ಚಿಂತೆಗೆ ವಸ್ತುವಾಗಿದೆ.

ಮುಂಬಯಿಯ ಹಾಲಿನ ಕಥೆ ಎಮ್ಮೆಯ ಕಥೆಯೇ. ನಗರದ ಗಲ್ಲಿಗಳಲ್ಲಿದ್ದ ತಬೇಲೆಗಳನ್ನು ಹೊರಗೆ ಸಾಗಿಸುವ ಉದ್ದೇಶದಿಂದ, ದಾರಾ ಖುರೋಡಿಯವರ ಮುಂದಾಳುತನದಲ್ಲಿ, 1949ರಲ್ಲಿ ಗೋರೆಗಾಂವದ ಆರೇ ಕಾಲನಿ ಹುಟ್ಟಿತು. 1,287 ಹೆಕ್ಟೇರಿನ ಆ ಹಸಿರು ನೆಲದಲ್ಲಿ ಸುಮಾರು 16,000 ಜಾನುವಾರುಗಳಿಗೆ ಎಡೆಯಿತ್ತು. 1976ರಲ್ಲಿ ನಗರದಲ್ಲಿ ದನ ಸಾಕುವುದನ್ನೂ ಸಾಗಿಸುವುದನ್ನೂ ನಿಯಂತ್ರಿಸುವ ರಾಜ್ಯ ಕಾಯಿದೆಯೇ ಬಂತು. ಆದರೂ ಜೋಗೇಶ್ವರಿ, ಗೋರೆಗಾಂವ ಮುಂತಾದ ಉಪನಗರಗಳಿಂದ ತಬೇಲೆ ಪೂರ್ತಿಯಾಗಿ ಕಾಲ್ತೆಗೆಯಲಿಲ್ಲ. ಬೆಳಗಿನ ಜಾವ ಕ್ಯಾನು ತೂಗುಹಾಕಿಕೊಂಡು ಸೈಕಲ್ಲಿನಲ್ಲಿ ಬರುವ ಭೈಯಾನ ಗಟ್ಟಿ ಹಾಲಿನ ಮುಂದೆ ಪ್ಯಾಕೆಟ್ಟಿನ ಹಾಲು ನೀರೆಂದು ಮೂಗು ಮುರಿಯುವ ಗೃಹಿಣಿಯರು ಕನ್ನಡಿಗರಲ್ಲೂ ಕಡಿಮೆಯಿಲ್ಲ.

ಊರಿನ ಹಟ್ಟಿಗೂ ಮುಂಬಯಿಯ ತಬೇಲೆಗೂ ಇರುವ ಅಂತರವನ್ನು ಇಲ್ಲಿ ನೆನೆಯಬೇಕು. ಊರಿನಲ್ಲಿ ಎಮ್ಮೆ ಮನೆಯ ಸದಸ್ಯೆ. ಬತ್ತಿದರೂ ಹುಲ್ಲು ತಪ್ಪುವುದಿಲ್ಲ, ಮರುವರ್ಷ ಕರು ಹಾಕೀತೆಂಬ ಆಸೆಯಿರುತ್ತದೆ. ತಬೇಲೆಯಲ್ಲಾದರೋ ಸ್ಥಳಕ್ಕೂ ಮೇವಿಗೂ ದುಬಾರಿ ಬೆಲೆ. ಆಗತಾನೆ ಈದ ಎಮ್ಮೆಯನ್ನು ಹರಿಯಾಣ, ಗುಜರಾತುಗಳಿಂದ ಕೊಂಡು ತಂದು, ಹಾಲಿರುವಷ್ಟು ಕಾಲ ಕರೆದು, ಬತ್ತಿದೊಡನೆ ಮಾರುವುದೇ ವಾಡಿಕೆ. ಕರು ಬದುಕುವುದು ಅಪರೂಪ. ಎಮ್ಮೆಯ ಗರ್ಭಾವಧಿ ಸುಮಾರು 310 ದಿನ. ಬೆದೆಗೆ ಬಂದರೂ ಹಸುವಿನಂತೆ ಕೂಗಿ ಸಾರುವ ಸ್ವಭಾವ ಅದಕ್ಕಿಲ್ಲ. ಸಕಾಲದಲ್ಲಿ ಗಬ್ಬ ಕಟ್ಟದ ಎಮ್ಮೆಯನ್ನು ಕಾಯುವ ವ್ಯವಧಾನ ಮಾಲಿಕನಿಗಿಲ್ಲ. ಅದು ದೇವನಾರದ ದಾರಿ ಹಿಡಿಯುತ್ತದೆ. ಆದುದರಿಂದ ಗರ್ಭಕೋಶದ ಸೋಂಕೆಂದರೆ ಇಲ್ಲಿ ಪಶುವಿನ ಪಾಲಿಗೆ ಮರಣದಂಡನೆ, ಸಾಲ ಮಾಡಿ ಕೊಂಡವನ ಪಾಲಿಗೆ ದೊಡ್ಡ ನಷ್ಟ. ಇಬ್ಬರ ಈ ಅವಸರದ ನಡುವೆ ಸೂಜಿಮದ್ದು ಪ್ರವೇಶಿಸುತ್ತದೆ.

ಕರು ಹಾಕಿದ ಬಳಿಕ ಮೊದಲ ಎರಡು ವಾರಗಳಲ್ಲಿ ಬಹುತೇಕ ಎಲ್ಲ ಹಾಲುಪಶುಗಳ ಗರ್ಭಕೋಶದಲ್ಲೂ ಸೂಕ್ಷ್ಮಜೀವಿಗಳು ನೆಲೆಸಿರುತ್ತವೆ. ತೆರೆದ ಬಾಗಿಲಿನಿಂದ ಸಗಣಿ, ಮಣ್ಣು, ಬಾಲದ ಕೊಳೆ ಒಳಸೇರುವುದು ಸಹಜ. ಆರೋಗ್ಯವಂತ ಪಶುವಿನಲ್ಲಿ ಗರ್ಭಕೋಶ ಕುಗ್ಗುತ್ತ, ರಕ್ತದ ಬಿಳಿಕಣಗಳು ಹೋರಾಡುತ್ತ, ಮೂರು ನಾಲ್ಕು ವಾರಗಳಲ್ಲಿ ಅವನ್ನು ತಾನಾಗಿಯೇ ಹೊರದೂಡುತ್ತವೆ. ಹೆರಿಗೆ ಕಷ್ಟವಾಗಿದ್ದರೆ, ಕಸ ಬೀಳದೆ ಒಳಗೇ ಕೊಳೆತಿದ್ದರೆ, ಪಶು ಸೊರಗಿದ್ದರೆ ಮಾತ್ರ ಸೋಂಕು ನೆಲೆಯೂರುತ್ತದೆ. ಸಾಮಾನ್ಯವಾಗಿ ಎಶ್ಚರೀಶಿಯ ಕೋಲೈ ಮೊದಲು ದಾಳಿಯಿಟ್ಟು ಗರ್ಭಕೋಶದ ಒಳಪದರವನ್ನು ಘಾಸಿಗೊಳಿಸುತ್ತದೆ. ಅದರ ಬೆನ್ನಿಗೆ ಕೀವು ಹುಟ್ಟಿಸುವ ಟ್ರೂಪೆರೆಲ್ಲ, ಫ್ಯೂಸೊಬ್ಯಾಕ್ಟೀರಿಯಂ ಮೊದಲಾದವು ಬರುತ್ತವೆ. ಬೆದೆಯ ಲೋಳೆ ಗಾಜಿನ ನೂಲಿನಂತೆ ತಿಳಿಯಾಗಿರಬೇಕು. ಅದರಲ್ಲಿ ಬಿಳಿ ಎಳೆ ಕಂಡರೆ ಅನುಭವಸ್ಥ ಗೌಳಿಗನಿಗೆ ವಿಷಯ ತಿಳಿಯುತ್ತದೆ. ಬೀಳದ ಕಸವನ್ನು ಕೈಹಾಕಿ ಎಳೆದು ತೆಗೆಯುವ ಹಳೆಯ ರೂಢಿ ಈ ಪದರವನ್ನು ಇನ್ನಷ್ಟು ಹರಿಯುತ್ತದೆ ಎಂಬುದನ್ನು ಪಶುವೈದ್ಯರು ಎಷ್ಟು ಹೇಳಿದರೂ ಕಡಿಮೆಯೇ.

ಸ್ರಾವವನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ರೋಗಾಣುವನ್ನು ಬೆಳೆಸಿ, ಅದು ಯಾವ ಪ್ರತಿಜೀವಕಕ್ಕೆ ಬಗ್ಗುತ್ತದೆಂದು ನೋಡಿ ಚಿಕಿತ್ಸೆ ಮಾಡುವುದು ಶಾಸ್ತ್ರೀಯ ಕ್ರಮ. 1886ರಲ್ಲಿ ಸ್ಥಾಪನೆಗೊಂಡ ಪಶುವೈದ್ಯ ಕಾಲೇಜು ಪರೇಲಿನಲ್ಲಿಯೇ ಇದೆ. ಆದರೆ ಪರೀಕ್ಷೆಗೆ ಎರಡು ಮೂರು ದಿನ ಬೇಕು. ಅಷ್ಟರೊಳಗೆ ಯಾರೋ ಬಂದು ಗರ್ಭಕೋಶಕ್ಕೆ ಆಕ್ಸಿಟೆಟ್ರಾಸೈಕ್ಲಿನ್ ಸುರಿದು, ಪೆನಿಸಿಲಿನ್ ಸ್ಟ್ರೆಪ್ಟೊಮೈಸಿನ್ ಜೋಡಿಮದ್ದು ಚುಚ್ಚಿ ಹೋಗಿರುತ್ತಾರೆ. ಎರಡು ದಿನದಲ್ಲಿ ಕೀವು ತಗ್ಗಿದರೆ ಮೂರನೆಯ ಸೂಜಿಗೆ ದುಡ್ಡು ದಂಡವೆನಿಸುತ್ತದೆ. ಅರೆಮದ್ದು ತಿಂದು ಸಾಯದೆ ಉಳಿದ ರೋಗಾಣು ಮದ್ದನ್ನು ಎದುರಿಸಲು ಕಲಿಯುತ್ತದೆಂದು ಪೆನಿಸಿಲಿನ್ನಿನ ಜನಕ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲಿಯೇ ಎಚ್ಚರಿಸಿದ್ದರು. ಗರ್ಭಕೋಶ ಬೇನೆಯ ಎಮ್ಮೆ ಹಸುಗಳಿಂದ ಬೆಳೆಸಿದ ರೋಗಾಣುಗಳಲ್ಲಿ ಪೆನಿಸಿಲಿನ್, ಆಂಪಿಸಿಲಿನ್, ಟೆಟ್ರಾಸೈಕ್ಲಿನ್‌ಗಳಿಗೆ ಬಗ್ಗದ ತಳಿಗಳು ಭಾರತದಲ್ಲಿ ಮತ್ತೆ ಮತ್ತೆ ಕಂಡುಬಂದಿವೆ. ಇವು ತಮ್ಮ ವಿದ್ಯೆಯನ್ನು ತಮ್ಮಲ್ಲೇ ಬಚ್ಚಿಟ್ಟುಕೊಳ್ಳುವುದಿಲ್ಲ. ಪ್ಲಾಸ್ಮಿಡ್ ಎಂಬ ಪುಟ್ಟ ಆನುವಂಶಿಕ ಉಂಗುರದ ರೂಪದಲ್ಲಿ ನೆರೆಯ ಬೇರೆ ಜಾತಿಯ ರೋಗಾಣುವಿಗೂ ದಾಟಿಸುತ್ತವೆ. ಸಗಣಿಯ ಹಳ್ಳದಲ್ಲಿ, ಚರಂಡಿಯಲ್ಲಿ, ಸೆಗಣಿ ಬಾಚುವವನ ಕೈಯಲ್ಲಿ ಈ ವಿನಿಮಯ ಸದ್ದಿಲ್ಲದೆ ಸಾಗುತ್ತದೆ. ಪಶುವಿಗೆ ಕೊಡುವ ಆ ಮದ್ದುಗಳೇ ಮನುಷ್ಯನ ಮದ್ದುಗಳೂ ಹೌದು. ಸ್ಟ್ರೆಪ್ಟೊಮೈಸಿನ್ ಒಂದು ಕಾಲಕ್ಕೆ ಕ್ಷಯರೋಗಿಯ ಸಂಜೀವಿನಿಯಾಗಿತ್ತು.

ಕಾಯಿಸಿದ ಹಾಲಿನಲ್ಲಿ ರೋಗಾಣು ಸಾಯುತ್ತದೆ, ನಿಜ. ಆದರೆ ಮದ್ದಿನ ಶೇಷವೆಲ್ಲ ಕುದಿತಕ್ಕೆ ನಾಶವಾಗುವುದಿಲ್ಲ. ಗರ್ಭಕೋಶಕ್ಕೆ ಸುರಿದ ಮದ್ದು ರಕ್ತಕ್ಕೆ ಸೇರಿ ಕೆಚ್ಚಲಿಗೆ ಇಳಿಯುತ್ತದೆ. ಚಿಕಿತ್ಸೆಯ ಬಳಿಕ ನಿಗದಿತ ದಿನಗಳ ಹಾಲನ್ನು ಚೆಲ್ಲಬೇಕೆಂಬುದು ನಿಯಮ. ಚೆಲ್ಲುವ ಧೈರ್ಯ ಎಷ್ಟು ಮಂದಿಗುಂಟು? ಹೆಪ್ಪು ಹಾಕಿದ ಹಾಲು ಕೆಲವೊಮ್ಮೆ ಮೊಸರಾಗದೆ ಉಳಿಯುವುದಕ್ಕೆ ಚಳಿಯೊಂದೇ ಕಾರಣವಲ್ಲ. ಹೆಪ್ಪಿನ ಜೀವಿಯನ್ನೂ ಪ್ರತಿಜೀವಕ ಕೊಲ್ಲಬಲ್ಲುದು. ಈದ ಹೊಸದರ ಹಾಲಿನ ಗಿಣ್ಣು, ಮುಂಬಯಿಯವರ ಖರ್ವಸ್, ಬಹಳ ರುಚಿ; ಆದರೆ ಕಸ ಬೀಳದ ಎಮ್ಮೆಗೆ ಮದ್ದು ಸುರಿಯುವುದೂ ಅದೇ ದಿನಗಳಲ್ಲಿ.

ಇನ್ನೊಂದು ರೋಗಾಣುವಿನ ಬಗೆಗೆ ಹೇಳದೆ ಈ ವಿಷಯ ಪೂರ್ಣವಾಗದು. ಗರ್ಭಕೋಶದಲ್ಲಿ ನೆಲೆಸಿ ಪಶು ಕಂದು ಹಾಕುವಂತೆ ಮಾಡುವ ಬ್ರುಸೆಲ್ಲವನ್ನು 1897ರಲ್ಲಿ ಡೆನ್ಮಾರ್ಕಿನ ಬ್ಯಾಂಗ್ ಗುರುತಿಸಿದರು. ಕಂದಿನ ಕಸವನ್ನು ಬರಿಗೈಯಲ್ಲಿ ಮುಟ್ಟಿದವರಿಗೆ, ಹಸಿ ಹಾಲು ಕುಡಿದವರಿಗೆ ಅದು ಅಂಟುತ್ತದೆ. ಬಂದು ಹೋಗುವ ಜ್ವರ, ರಾತ್ರಿಯ ಬೆವರು, ಸೊಂಟ ಕೀಲುಗಳ ನೋವು ಇದರ ಲಕ್ಷಣಗಳು. ಟೈಫಾಯ್ಡ್, ಕ್ಷಯವೆಂದು ಭ್ರಮಿಸುವುದು ಸುಲಭ. ಮೇ ತಿಂಗಳ ರಜೆಯಲ್ಲಿ ಊರಿಗೆ ಹೋಗಿ ಹಟ್ಟಿಯ ನೊರೆಹಾಲು ಕುಡಿದು ಬಂದವರನ್ನು ಜೂನ್ ಜುಲೈಯಲ್ಲಿ ಇಂಥ ಜ್ವರ ಹಿಡಿದರೆ, ದನಗಳ ಸಂಗತಿಯನ್ನು ವೈದ್ಯರು ಕೇಳದಿದ್ದರೂ ತಾವಾಗಿ ಹೇಳುವುದು ಒಳಿತು. ಆರು ವಾರಗಳ ಕಾಲ ಎರಡು ಮದ್ದು ಜೊತೆಯಾಗಿ ಸೇವಿಸಬೇಕಾಗುತ್ತದೆ: ಡಾಕ್ಸಿಸೈಕ್ಲಿನ್ ಮತ್ತು ರಿಫಾಂಪಿಸಿನ್. ಒಂದು ಟೆಟ್ರಾಸೈಕ್ಲಿನ್ನಿನ ಬಳಗದ್ದು, ಇನ್ನೊಂದು ಕ್ಷಯಕ್ಕೆ ಕೊಡುವಂಥದು. ತಬೇಲೆಯಲ್ಲಿ ಅಗ್ಗವಾಗಿ ಚೆಲ್ಲುವ ಬಳಗದ ಮೌಲ್ಯ ರೋಗಿಯ ಹಾಸಿಗೆಯ ಬಳಿ ಅರಿವಾಗುತ್ತದೆ.

ಸರಕಾರ ಸುಮ್ಮನಿಲ್ಲ. ಮನುಷ್ಯನಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ನನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸದಂತೆ 2019ರ ಜುಲೈಯಲ್ಲಿ ನಿಷೇಧ ಬಂತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಜೊತೆಗೆ ಬ್ರುಸೆಲ್ಲಕ್ಕೂ ಲಸಿಕೆಯುಂಟು. 4ರಿಂದ 8 ತಿಂಗಳ ಹೆಣ್ಣುಕರುವಿಗೆ ಬದುಕಿನಲ್ಲಿ ಒಮ್ಮೆ ಹಾಕಿದರೆ ಸಾಕು. ಆದರೆ ತಬೇಲೆಯಲ್ಲಿ ಕರುವೇ ಉಳಿಯುವುದಿಲ್ಲ. ಅಲ್ಲಿಗೆ ಬರುವುದು ದೂರದ ಹಳ್ಳಿಯಲ್ಲಿ ಬೆಳೆದು ಈದ ಎಮ್ಮೆ. ಲಸಿಕೆಯ ಕಾಲ ಅದಕ್ಕೆ ಎಂದೋ ಮೀರಿರುತ್ತದೆ. ಕಿವಿಗೆ ಚುಚ್ಚಿದ 12 ಅಂಕೆಗಳ ಬಿಲ್ಲೆಯನ್ನು ನೋಡಿ, ಕರುವಾಗಿದ್ದಾಗ ಅದಕ್ಕೆ ಲಸಿಕೆ ಬಿದ್ದಿತ್ತೇ ಎಂದು ಕೊಳ್ಳುವ ಮೊದಲು ಕೇಳುವ ಮಾಲಿಕನಿಗೆ, ಆಮೇಲೆ ಸೂಜಿಮದ್ದಿನ ಖರ್ಚು ಅಷ್ಟರ ಮಟ್ಟಿಗೆ ತಗ್ಗುತ್ತದೆ.