ದತ್ತಾಂಶ ಓದುವುದಷ್ಟೇ ಅಲ್ಲ, ಲೆಕ್ಕ ಹಾಕುವುದೂ ವೆಬ್ ಸೇವೆ

ಕೊಡ್ಲಿ: ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರಲ್ಲಿ ಜಾರಿಗೆ ಬಂದಿತು. ಇದರನ್ವಯ ಮುಂಗಾರಿನ ಆಹಾರ ಧಾನ್ಯ ಹಾಗೂ ಎಣ್ಣೆಕಾಳು ಬೆಳೆಗಳಿಗೆ ರೈತರ ಪಾಲಿನ ಕಂತು ವಿಮಾ ಮೊತ್ತದ ಗರಿಷ್ಠ ಶೇ 2. ಈ ಭಾಗದ ತೊಗರಿ ಬೆಳೆಗಾರರೊಬ್ಬರು ಕಟ್ಟಬೇಕಾದ ಕಂತನ್ನು ಮೊದಲೇ ಬರೆದಿಟ್ಟಿರಬೇಕಾಗಿಲ್ಲ. ಬೆಳೆ ಮತ್ತು ವಿಸ್ತೀರ್ಣ ತಿಳಿದರೆ ಕೇಳಿದಾಗಲೇ ಲೆಕ್ಕ ಹಾಕಬಹುದು. ಇಂತಹ ಕಾರ್ಯಕ್ಕೆ 'ರೆಸ್ಟ್' ಮಾದರಿಯ ವೆಬ್ ಸೇವೆ ಒಗ್ಗುವುದೇ?

ರಾಯ್ ಫೀಲ್ಡಿಂಗ್ ಅವರು 2000ದಲ್ಲಿ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ವಿವರಿಸಿದ ಈ ಮಾದರಿಯಲ್ಲಿ ಪ್ರತಿಯೊಂದು ಸಂಪನ್ಮೂಲಕ್ಕೂ ಒಂದು ವಿಳಾಸವಿರುತ್ತದೆ. ಗೆಟ್, ಪೋಸ್ಟ್, ಪುಟ್, ಡಿಲೀಟ್ ಆದೇಶಗಳು ಡೇಟಾಬೇಸಿನ ಓದು, ಸೇರಿಸು, ತಿದ್ದು, ಅಳಿಸು ಕ್ರಿಯೆಗಳನ್ನು ಹೋಲುವುದರಿಂದ, ರೆಸ್ಟ್ ಇರುವುದು ಅದಕ್ಕಾಗಿಯೇ ಎಂದು ಅನೇಕರು ಭಾವಿಸುತ್ತಾರೆ. ಆದರೆ ಲೆಕ್ಕದ ಫಲಿತಾಂಶವೂ ಸಂಪನ್ಮೂಲವಾಗಬಲ್ಲದು.

ಕಂತಿನಂತಹ ಸಣ್ಣ ಲೆಕ್ಕಕ್ಕೆ ಬೆಳೆ, ವಿಸ್ತೀರ್ಣಗಳನ್ನು ವಿಳಾಸದಲ್ಲಿಯೇ ಸೇರಿಸಿ ಗೆಟ್ ಮೂಲಕ ಕೇಳಬಹುದು. ಇದು ಯಾವ ದಾಖಲೆಯನ್ನೂ ಬದಲಿಸದು. ಸಂಪರ್ಕ ಕಡಿದು ಮತ್ತೆ ಕೇಳಿದರೂ ಹಾನಿಯಿಲ್ಲ.

ಇಡೀ ತಾಲ್ಲೂಕಿನ ಬೆಳೆ ನಷ್ಟ ಲೆಕ್ಕ ಹಾಕಲು ಹೆಚ್ಚು ಹೊತ್ತು ಬೇಕು. ಆಗ ಪೋಸ್ಟ್ ಮೂಲಕ ಒಂದು 'ಕೆಲಸ'ವನ್ನು ಸೃಷ್ಟಿಸಬೇಕು. ಸರ್ವರ್ ಒಡನೆಯೇ 202 ಎಂಬ ಸಂಕೇತದೊಡನೆ ಆ ಕೆಲಸದ ವಿಳಾಸವನ್ನು ನೀಡುತ್ತದೆ. ಕೆಲಸದ ಪ್ರಗತಿಯನ್ನೂ ಬಳಿಕ ಫಲಿತಾಂಶವನ್ನೂ ಗೆಟ್ ಮೂಲಕ ಪಡೆಯಬಹುದು. ಪೋಸ್ಟ್ ಎರಡು ಬಾರಿ ತಲುಪಿದರೆ ಕೆಲಸವೂ ಎರಡಾಗಬಹುದು. ಅದನ್ನು ತಡೆಯಲು ಪ್ರತಿ ಕೋರಿಕೆಗೂ ಪ್ರತ್ಯೇಕ ಗುರುತಿನ ಸಂಖ್ಯೆ ನೀಡುವುದು ಸೂಕ್ತ.

ರೆಸ್ಟ್ ನಿಯಮದಂತೆ ಪ್ರತಿ ಕೋರಿಕೆಯಲ್ಲೂ ಬೇಕಾದ ಮಾಹಿತಿಯೆಲ್ಲ ಇರಬೇಕು. ಆದ್ದರಿಂದ ಯಾವ ಸರ್ವರ್ ಬೇಕಾದರೂ ಉತ್ತರಿಸಬಲ್ಲದು. ವಿಮಾ ನೋಂದಣಿಯ ಕೊನೆಯ ದಿನದ ದಟ್ಟಣೆಯಲ್ಲಿ ಸರ್ವರುಗಳನ್ನು ಹೆಚ್ಚಿಸಿ ರೈತರು ಕಾಯುವುದನ್ನು ತಪ್ಪಿಸಲು ಇದು ನೆರವಾಗುತ್ತದೆ.