ದೃಷ್ಟಿ ಇರುವಾಗಲೇ ನೋಡಬೇಕಾದ ಕಣ್ಣು

ಮಧುಮೇಹ ಕಣ್ಣನ್ನು ಕೆಡಿಸುವ ಬಗೆ ವಿಚಿತ್ರ. ರೋಗ ತೀವ್ರಗೊಂಡ ಮೇಲೂ ದೃಷ್ಟಿ ಸ್ಪಷ್ಟವಾಗಿಯೇ ಉಳಿದಿರಬಹುದು. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ನನ್ನ ಪರಿಚಿತರೊಬ್ಬರಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ಕಣ್ಣು ತೋರಿಸಿದಿರಾ ಎಂದರೆ, ‘ಭದ್ರಾವತಿ ಬಸ್ಸಿನ ಬೋರ್ಡು ದೂರದಿಂದ್ಲೇ ಓದ್ತೀನಿ ಸಾರ್, ಇನ್ನೇನು ತೋರಿಸೋದು?’ ಎನ್ನುತ್ತಾರೆ.

ವೈದ್ಯರು ಪರೀಕ್ಷಿಸಬೇಕಾದದ್ದು ಓದುವ ಶಕ್ತಿಯನ್ನಷ್ಟೇ ಅಲ್ಲ, ಕಣ್ಣಿನ ಹಿಂಭಾಗದ ಅಕ್ಷಿಪಟಲವನ್ನು. ಅದನ್ನು ನಾಲ್ಕು ಭಾಗಗಳೆಂದು ಎಣಿಸಿ ನೋಡುವ ‘ನಾಲ್ಕು-ಎರಡು-ಒಂದು’ ಎಂಬ ಸೂತ್ರವಿದೆ. ನಾಲ್ಕೂ ಭಾಗಗಳಲ್ಲಿ ಹೇರಳವಾದ ರಕ್ತದ ಕಲೆಗಳು. ಎರಡು ಭಾಗಗಳಲ್ಲಿ ಮಣಿ ಪೋಣಿಸಿದಂತೆ ಉಬ್ಬಿದ ಅಭಿಧಮನಿಗಳು. ಒಂದು ಭಾಗದಲ್ಲಿ ಅಡ್ಡಾದಿಡ್ಡಿಯಾಗಿ ತಿರುಚಿಕೊಂಡ ಸೂಕ್ಷ್ಮನಾಳಗಳು. ಇವುಗಳಲ್ಲಿ ಯಾವುದೊಂದು ಕಂಡರೂ ರೋಗ ತೀವ್ರ ಹಂತದ್ದು. ಅಮೆರಿಕದಲ್ಲಿ 1980ರ ದಶಕದಲ್ಲಿ ನಡೆದ ಅಧ್ಯಯನದಂತೆ, ಅಂಥ ಕಣ್ಣುಗಳಲ್ಲಿ ಸುಮಾರು ಅರ್ಧದಷ್ಟು ಒಂದೇ ವರ್ಷದಲ್ಲಿ ಮುಂದಿನ ಹಂತಕ್ಕೆ ಜಾರುತ್ತವೆ. ಆಗ ಹುಟ್ಟುವ ಹೊಸ ರಕ್ತನಾಳಗಳು ಬಲು ದುರ್ಬಲ; ಅವು ಒಡೆದರೆ ಕಣ್ಣೊಳಗೆ ರಕ್ತ ತುಂಬಿ ಏಕಾಏಕಿ ಕತ್ತಲೆ ಕವಿಯಬಹುದು. ಸಕಾಲದಲ್ಲಿ ಲೇಸರ್ ಚಿಕಿತ್ಸೆ ದೊರೆತರೆ ತೀವ್ರ ದೃಷ್ಟಿನಾಶದ ಅಪಾಯ ಅರ್ಧಕ್ಕೂ ಹೆಚ್ಚು ತಗ್ಗುತ್ತದೆಂಬುದು 1970ರ ದಶಕದಲ್ಲಿಯೇ ಸಿದ್ಧಪಟ್ಟಿದೆ.

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10 ಕೋಟಿಗೂ ಅಧಿಕವೆಂದು ಅಂದಾಜಿಸಿತು. ಇಷ್ಟು ಜನರನ್ನೂ ಅಕ್ಷಿಪಟಲ ತಜ್ಞರೇ ನೋಡುವುದು ಅಸಾಧ್ಯ, ಅನಗತ್ಯ ಕೂಡ. ಅರ್ಥಶಾಸ್ತ್ರ ಓದಿದ ನನಗೆ ಈ ವರ್ಗೀಕರಣ ವಿರಳ ಸಂಪನ್ಮೂಲದ ಹಂಚಿಕೆಯಾಗಿಯೇ ಕಾಣುತ್ತದೆ. ಆರಂಭದ ಹಂತದವರಿಗೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ತಪಾಸಣೆ ಸಾಕು. ತೀವ್ರ ಹಂತದವರು ಕೆಲವೇ ತಿಂಗಳಲ್ಲಿ ಮರಳಬೇಕು. ಅಕ್ಷಿಪಟಲದ ನಡುಭಾಗದ ಊತ ಮಾತ್ರ ಯಾವ ಹಂತದಲ್ಲೂ ಬರಬಹುದಾದ್ದರಿಂದ ಅದನ್ನು ಪ್ರತ್ಯೇಕವಾಗಿಯೇ ನೋಡುತ್ತಾರೆ.

ಶಿವಮೊಗ್ಗದ ಹರಕೆರೆಯಲ್ಲಿ ಶಂಕರ ಕಣ್ಣಿನ ಆಸ್ಪತ್ರೆಯಿದೆ; ಮಾಚೇನಹಳ್ಳಿಗೆ ದೂರವೇನಲ್ಲ. ಅಡ್ಡಿ ಬೇರೆಯೇ ಇದೆ. ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲವು ಗಂಟೆ ಕಣ್ಣು ಮಂಜಾಗುತ್ತದೆ. ಬೈಕು ಓಡಿಸುವಂತಿಲ್ಲ, ಯಂತ್ರದ ಮುಂದೆ ನಿಲ್ಲುವಂತಿಲ್ಲ. ಗುತ್ತಿಗೆ ಕಾರ್ಮಿಕನಿಗೆ ಅದು ಒಂದು ದಿನದ ಕೂಲಿ. ಆ ಕೂಲಿಯನ್ನು ಮಾಲೀಕರು ಭರಿಸಲಿ. ಕನ್ನಡಕ ಹಂಚಿ ಫೋಟೊ ತೆಗೆಸಿಕೊಳ್ಳುವ ಶಿಬಿರಗಳಿಗಿಂತ ಅದು ಹೆಚ್ಚು ಫಲ ಕೊಟ್ಟೀತು. ಅನೇಕರಲ್ಲಿ ಹನಿ ಹಾಕದೆಯೇ ಅಕ್ಷಿಪಟಲದ ಚಿತ್ರ ತೆಗೆಯಬಲ್ಲ ಕ್ಯಾಮೆರಾಗಳೂ ಈಗ ಇವೆ. ಅಂಥದ್ದನ್ನು ಕಾರ್ಖಾನೆಯ ಬಾಗಿಲಿಗೇ ತಂದು, ಚಿತ್ರಗಳನ್ನು ತಜ್ಞರಿಗೆ ಕಳುಹಿಸಬಹುದು.

ಇನ್ನು ವೈದ್ಯರ ಚೀಟಿ. ‘ಶುಗರ್ ಹತೋಟಿಯಲ್ಲಿಡಿ’ ಎಂಬ ಒಂದೇ ಸಾಲಿನ ಬದಲು ಬಲಗಣ್ಣು ಯಾವ ಹಂತ, ಎಡಗಣ್ಣು ಯಾವ ಹಂತ, ಮರಳಿ ಬರಬೇಕಾದ ದಿನಾಂಕವೇನು ಎಂಬುದನ್ನು ಕನ್ನಡದಲ್ಲಿ ಬರೆದುಕೊಡಬೇಕು. ಬರೆಯದಿದ್ದರೆ ರೋಗಿಯೇ ಕೇಳಿ ಬರೆಸಿಕೊಳ್ಳಲಿ.