ನಲ್ಲಿ ನೀರಿಗೂ ನೆರೆದೇಶಗಳ ಕಾವಲು
ಮನಾಮ: ಬಹರೇನ್‌ನಲ್ಲಿ ನಾವು ಬಳಸುವ ನಲ್ಲಿ ನೀರಿನ ಹೆಚ್ಚಿನ ಪಾಲು ಉಪ್ಪು ತೆಗೆದ ಸಮುದ್ರದ ನೀರು. ಕೊಲ್ಲಿಯಲ್ಲಿ ಎಣ್ಣೆ ಸೋರಿದರೆ ಮೀನುಗಾರರಿಗಷ್ಟೇ ಅಲ್ಲ, ನಮ್ಮ ಅಡುಗೆಮನೆಗೂ ಆಪತ್ತು. ಇದಕ್ಕಾಗಿಯೇ ಈ ಭಾಗದ 8 ದೇಶಗಳು 1978ರಲ್ಲಿ ಕುವೈತ್ ಒಪ್ಪಂದ ಮಾಡಿಕೊಂಡವು. 1982ರಲ್ಲಿ ಬಹರೇನ್‌ನಲ್ಲೇ ಪರಸ್ಪರ ನೆರವಿನ ಕೇಂದ್ರ ‘ಮೆಮಾಕ್’ ಆರಂಭವಾಯಿತು. ಸೋರಿಕೆಯ ಮಾಹಿತಿ ಹಂಚುವುದು, ತರಬೇತಿ ನೀಡುವುದು ಅದರ ಕೆಲಸ.

ಮರುವರ್ಷವೇ ಇರಾನಿನ ನೌರೂಜ್ ತೈಲಕ್ಷೇತ್ರ ಸೋರಿತು. ಇರಾನ್, ಇರಾಕ್ ಎರಡೂ ಒಪ್ಪಂದದಲ್ಲಿದ್ದವು. ಆದರೆ ಅವುಗಳ ಯುದ್ಧದಿಂದಾಗಿ ಬಾವಿ ಮುಚ್ಚಲು ತಿಂಗಳುಗಳೇ ಹಿಡಿದವು. 1991ರ ಕೊಲ್ಲಿ ಯುದ್ಧದಲ್ಲಿ ಸೌದಿಯ ಜುಬೈಲ್ ನೀರು ಸ್ಥಾವರವನ್ನು ತೇಲುವ ತಡೆ ಹಾಕಿ ಕಾಯಬೇಕಾಯಿತು.

ಲೆಕ್ಕ ಬರೆಯುವ ನಮಗೆ ಗೊತ್ತು: ಆಪತ್ತಿಗೆಂದು ಹಣ ತೆಗೆದಿಟ್ಟರೆ ಸಾಲದು, ಬೇಕಾದ ದಿನ ಕೈಗೆ ಸಿಗಬೇಕು. ನೆರೆದೇಶಗಳ ನೆರವೂ ಹಾಗೆಯೇ.